ಕಲ್ದುರ್ಗದ ಉಂಡೆಗಲ್ಲುಗಳ ಸಾಕ್ಷ್ಯ

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ನೀವು ರೈಲಿನಲ್ಲಿ ಹೋಗಿರಬಹುದು. ಅರಸೀಕೆರೆ ದಾಟಿದ ಮೇಲೆ ಕಡೂರು ಬರುತ್ತದೆ. ಅದರ ಮುಂದಿನ ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗಕ್ಕೆ ಹೋಗುತ್ತದೆ. ಇನ್ನೊಂದು ಅಜ್ಜಂಪುರ, ಶಿವನಿಗಳ ಮೂಲಕ ಚಿಕ್ಕಜಾಜೂರಿನ ಕಡೆಗೆ ತಿರುಗುತ್ತದೆ. ಮುಂದಿನ ಸಲ ಈ ದಾರಿಯಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತು ನೆಲವನ್ನು ಗಮನಿಸಿ.

ಕಡೂರಿನ ಸುತ್ತ ಬಹುಪಾಲು ಮಟ್ಟಸವಾದ ಬಯಲು. ಅಲ್ಲಲ್ಲಿ ಬೂದುಬಣ್ಣದ ಹಾಸುಬಂಡೆಗಳು, ಕೆಂಪು ಮರಳುಮಿಶ್ರಿತ ಮಣ್ಣು, ತೆಂಗಿನ ತೋಟ. ಅಜ್ಜಂಪುರದ ಕಡೆಗೆ ಹೋದರೆ ಮಣ್ಣು ಕಪ್ಪಾಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯ್ದೆರೆದು ಬಿರುಕು ಬಿಡುತ್ತದೆ. ತರೀಕೆರೆಯ ಕಡೆಗೆ ಹೋದರೆ ಚಂದ್ರದ್ರೋಣ ಎಂದೂ ಬಾಬಾಬುಡನ್‌ಗಿರಿ ಎಂದೂ ಕರೆಯುವ ಬೆಟ್ಟಸಾಲು ಗೋಡೆಯಂತೆ ಎದ್ದು ನಿಲ್ಲುತ್ತದೆ. ಮೂವತ್ತು ನಲವತ್ತು ಕಿಲೋಮೀಟರ್ ಅಂತರದಲ್ಲಿ ನೆಲ ಮೂರು ಬಗೆಯ ರೂಪ ತಾಳಿದೆ. ಇದು ಆಕಸ್ಮಿಕವಲ್ಲ. ಮೇಲಿನ ಮಣ್ಣು ಕೆಳಗಿನ ಕಲ್ಲಿನ ಗುಣವನ್ನು ಹೇಳುತ್ತದೆ. ಆ ಕಲ್ಲುಗಳಲ್ಲಿ ಮೊದಲು ಹುಟ್ಟಿದ್ದು ಯಾವುದು ಎಂಬ ಪ್ರಶ್ನೆ ಭೂವಿಜ್ಞಾನಿಗಳನ್ನು ಸುಮಾರು 90 ವರ್ಷ ಕಾಡಿತು. ಆ ವಾದದಲ್ಲಿ ತರೀಕೆರೆ ಸೀಮೆಯ ಕೆಲವು ಉಂಡೆಗಲ್ಲುಗಳು ಹೇಗೆ ಸಾಕ್ಷಿ ನುಡಿದವು ಎಂಬುದೇ ಈ ಲೇಖನದ ವಿಷಯ.

ಎರಡು ಬಗೆಯ ತೊಗಟೆ

ಮೊದಲು ಭೂಮಿಯ ತೊಗಟೆಯ ಬಗ್ಗೆ ಒಂದೆರಡು ಮಾತು. ಭೂಮಿಗೆ ಎರಡು ಬಗೆಯ ತೊಗಟೆ ಇದೆ. ಸಾಗರದ ತಳದಲ್ಲಿರುವುದು ತೆಳುವಾದುದು, ಸುಮಾರು 7 ಕಿಲೋಮೀಟರ್ ದಪ್ಪ. ಅದು ಬಸಾಲ್ಟ್ ಎಂಬ ಕಪ್ಪುಕಲ್ಲಿನಿಂದ ಆದದ್ದು. ಖಂಡಗಳ ತೊಗಟೆ ಸರಾಸರಿ 35ರಿಂದ 40 ಕಿಲೋಮೀಟರ್ ದಪ್ಪವಿದೆ. ಅದರ ಮೇಲ್ಭಾಗದಲ್ಲಿ ಗ್ರಾನೈಟ್ ಮತ್ತು ಅದರ ಸಂಬಂಧಿ ಶಿಲೆಗಳೇ ಹೆಚ್ಚು. ಬಸಾಲ್ಟಿನ ಸಾಂದ್ರತೆ ನೀರಿನ ಸುಮಾರು 3 ಪಟ್ಟು, ಗ್ರಾನೈಟಿನದು 2.7 ಪಟ್ಟು. ಈ ಸಣ್ಣ ವ್ಯತ್ಯಾಸವೇ ನಾವು ನೆಲದ ಮೇಲೆ ಬದುಕಲು ಕಾರಣ. ಹಗುರವಾದ ಖಂಡದ ತೊಗಟೆ, ನೀರಿನ ಮೇಲೆ ಮರದ ದಿಮ್ಮಿ ತೇಲುವಂತೆ, ಅಡಿಯ ಭಾರವಾದ ಕವಚದ ಮೇಲೆ ಎತ್ತರದಲ್ಲಿ ನಿಲ್ಲುತ್ತದೆ.

ಸಾಗರದ ತೊಗಟೆ ಹುಟ್ಟಿ, ತಣಿದು, ಭಾರವಾಗಿ, ಮತ್ತೆ ಭೂಮಿಯ ಒಳಕ್ಕೆ ಇಳಿದುಹೋಗುತ್ತದೆ. ಹಾಗಾಗಿ ಇಂದಿನ ವಿಶಾಲ ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಇಲ್ಲವೆಂದೇ ಹೇಳಬೇಕು. ಖಂಡದ ತೊಗಟೆ ಹಗುರವಾದ್ದರಿಂದ ಸುಲಭವಾಗಿ ಮುಳುಗದು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಅದರ ಬಾಲ್ಯದ ದಾಖಲೆಗಳು ಉಳಿದಿರುವುದು ಖಂಡಗಳ ಹಳೆಯ ಗಟ್ಟಿ ಭಾಗಗಳಲ್ಲಿ ಮಾತ್ರ. ಅಂಥ ಭಾಗಗಳನ್ನು ಕ್ರೇಟಾನ್ ಎನ್ನುತ್ತಾರೆ. ಕರ್ನಾಟಕದ ಬಹುಭಾಗ ಧಾರವಾಡ ಕ್ರೇಟಾನಿನ ಮೇಲೆ ಇದೆ. ಕಡೂರು, ತರೀಕೆರೆ, ಅಜ್ಜಂಪುರಗಳು ಅದರ ಪಶ್ಚಿಮಾರ್ಧದಲ್ಲಿವೆ.

ಇಲ್ಲಿನ ಶಿಲೆಗಳನ್ನು ಸ್ಥೂಲವಾಗಿ ಎರಡು ಬಣಗಳಾಗಿ ವಿಂಗಡಿಸಬಹುದು. ಒಂದು, ಕಡೂರಿನ ಬಯಲಿನಲ್ಲಿ ಕಾಣುವ ನೈಸ್. ಬಿಳಿ ಮತ್ತು ಬೂದು ಪಟ್ಟಿಗಳು ಒಂದರ ಪಕ್ಕ ಒಂದು ಹರಿದಂತಿರುವ ಈ ಕಲ್ಲನ್ನು ನೀವು ಬೇಲಿಯ ಕಂಬ, ಮೆಟ್ಟಿಲು, ಬಾವಿಯ ಕಟ್ಟೆಗಳಲ್ಲಿ ನೋಡಿರುತ್ತೀರಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವ ಬಂಡೆಯೂ ಇದೇ ಜಾತಿಯದು. ಎರಡನೆಯದು, ಈ ನೈಸ್ ನಡುವೆ ಪಟ್ಟಿಗಳಂತೆ ಹಬ್ಬಿರುವ ಷಿಸ್ಟ್ ಶಿಲೆಗಳ ಬಣ: ಹಸಿರುಮಿಶ್ರಿತ ಕಪ್ಪು ಲಾವಾ ಶಿಲೆ, ಬೆಣಚುಶಿಲೆ, ಕಬ್ಬಿಣದ ಪದರಶಿಲೆ, ಸುಣ್ಣಕಲ್ಲು, ಉಂಡೆಗಲ್ಲುಗಳು ಸೇರಿ ಗಟ್ಟಿಯಾದ ಪೆಂಟೆಕಲ್ಲು ಇತ್ಯಾದಿ. ಬಾಬಾಬುಡನ್ ಬೆಟ್ಟಗಳೂ ತರೀಕೆರೆ, ಅಜ್ಜಂಪುರಗಳ ಆಸುಪಾಸಿನ ಹಲವು ಗುಡ್ಡಗಳೂ ಇಂಥವು.

ಈಗ ಪ್ರಶ್ನೆ ಇದು: ಈ ಎರಡರಲ್ಲಿ ಹಿರಿಯದು ಯಾವುದು? ನೈಸ್ ಹಾಸಿನ ಮೇಲೆ ಷಿಸ್ಟ್ ಬಂದು ಕುಳಿತಿತೇ? ಅಥವಾ ಷಿಸ್ಟ್ ಮೊದಲೇ ಇದ್ದು, ಅದರೊಳಗೆ ನೈಸ್ ಕರಗಿದ ರೂಪದಲ್ಲಿ ನುಗ್ಗಿತೇ?

ಚಿನ್ನದ ಬೆನ್ನು ಹತ್ತಿದ ಫೂಟ್

1880ರ ದಶಕದಲ್ಲಿ ಕೋಲಾರದ ಗಣಿಯಲ್ಲಿ ಚಿನ್ನ ಹೇರಳವಾಗಿ ಸಿಕ್ಕಾಗ ಮೈಸೂರು ಸಂಸ್ಥಾನದ ಉಳಿದ ಭಾಗಗಳಲ್ಲೂ ಹುಡುಕಾಟ ಶುರುವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1887ರಲ್ಲಿ ಸಂಸ್ಥಾನದ ಚಿನ್ನದ ಸೀಮೆಗಳನ್ನು ಸುತ್ತಿದರು. ಇವರು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೊಡಲಿಯನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿ ಹಾಡಿದವರು. ಅಜ್ಜಂಪುರದ ಸುತ್ತಲೂ ಹಿಂದಿನವರು ಚಿನ್ನಕ್ಕಾಗಿ ಅಗೆದ ಗುಂಡಿಗಳಿದ್ದವು.

ಚಿನ್ನ ಎಲ್ಲಿ ಸಿಕ್ಕರೂ ಅದು ಷಿಸ್ಟ್ ಪಟ್ಟಿಗಳಲ್ಲೇ ಎಂಬುದನ್ನು ಫೂಟ್ ಗಮನಿಸಿದರು. ಧಾರವಾಡದ ಸುತ್ತ ಈ ಶಿಲೆಗಳು ಚೆನ್ನಾಗಿ ಕಂಡದ್ದರಿಂದ ಅವುಗಳಿಗೆ ‘ಧಾರವಾಡ ವ್ಯವಸ್ಥೆ’ ಎಂದು ಹೆಸರಿಟ್ಟರು. ಈ ಹೆಸರು ಇಂದು ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲೆಲ್ಲ ಇದೆ. ಫೂಟ್ ಅವರ ಅಭಿಪ್ರಾಯದಲ್ಲಿ ನೈಸ್ ಹಳೆಯ ನೆಲಗಟ್ಟು. ಧಾರವಾಡ ಶಿಲೆಗಳು ಅದರ ಮೇಲೆ ನಂತರ ಹರಡಿದ ಹೊದಿಕೆ. ಒಂದು ಕಾಲದಲ್ಲಿ ಅಖಂಡವಾಗಿದ್ದ ಹೊದಿಕೆ ಮಡಿಕೆ ಬಿದ್ದು, ಸವೆದು, ಈಗ ಪಟ್ಟಿಗಳಾಗಿ ಮಾತ್ರ ಉಳಿದಿದೆ ಎಂದು ಅವರು ಭಾವಿಸಿದರು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಅದರ ಆರಂಭದ ಹೊಣೆ ಹೊತ್ತವರೂ ಫೂಟ್ ಅವರೇ.

ಸ್ಮೀತ್ ತಲೆಕೆಳಗು ಮಾಡಿದರು

ಫೂಟ್ ನಂತರ ಇಲಾಖೆಯ ಮುಖ್ಯಸ್ಥರಾದವರು ಡಬ್ಲ್ಯು. ಎಫ್. ಸ್ಮೀತ್. 20ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಅವರೂ ಅವರ ಭಾರತೀಯ ಸಹೋದ್ಯೋಗಿಗಳೂ ಸಂಸ್ಥಾನದ ನಕ್ಷೆ ತಯಾರಿಸಿದರು. ಕಾಲ್ನಡಿಗೆ, ಎತ್ತಿನ ಗಾಡಿ, ಡೇರೆಗಳ ಕಾಲ ಅದು.

ಹೀಗೆ ನಡೆದಾಗ ಅವರಿಗೆ ಫೂಟ್ ಹೇಳಿದ್ದಕ್ಕೆ ವಿರುದ್ಧವಾದ ಸಂಗತಿ ಕಂಡಿತು. ನೈಸ್ ಮತ್ತು ಷಿಸ್ಟ್ ಸಂಧಿಸುವ ಕಡೆ, ನೈಸ್‌ನ ಬಿಳಿ ನಾಳಗಳು ಷಿಸ್ಟ್ ಒಳಕ್ಕೆ ಬೇರಿನಂತೆ ಇಳಿದಿದ್ದವು. ಷಿಸ್ಟ್ ಶಿಲೆಯ ಹರಿದ ತುಂಡುಗಳು ನೈಸ್ ಒಳಗೆ ಸಿಕ್ಕಿಕೊಂಡಿದ್ದವು. ಇಲ್ಲಿ ಭೂವಿಜ್ಞಾನದ ಒಂದು ಸರಳ ನಿಯಮ ಅನ್ವಯಿಸುತ್ತದೆ. ಪಾಯಸದಲ್ಲಿ ದ್ರಾಕ್ಷಿ ಇದ್ದರೆ, ಪಾಯಸ ತಣ್ಣಗಾಗಿ ಗಟ್ಟಿಯಾಗುವ ಮೊದಲೇ ದ್ರಾಕ್ಷಿ ಇತ್ತು ಎಂದು ಅರ್ಥವಲ್ಲವೇ? ಹಾಗೆಯೇ, ಒಂದು ಕಲ್ಲಿನೊಳಗೆ ಇನ್ನೊಂದು ಕಲ್ಲಿನ ತುಂಡು ಸಿಕ್ಕಿಕೊಂಡಿದ್ದರೆ ಆ ತುಂಡೇ ಹಿರಿಯದು. ಆದ್ದರಿಂದ ಷಿಸ್ಟ್ ಹಳೆಯದು, ನೈಸ್ ಹೊಸದು ಎಂದು ಸ್ಮೀತ್ ತೀರ್ಮಾನಿಸಿದರು.

1916ರಲ್ಲಿ ಪ್ರಕಟವಾದ ಮೈಸೂರಿನ ಭೂವೈಜ್ಞಾನಿಕ ಚರಿತ್ರೆಯ ರೂಪರೇಖೆಯಲ್ಲಿ ಸ್ಮೀತ್ ಈ ಅನುಕ್ರಮವನ್ನು ಮಂಡಿಸಿದರು. ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದಲೇ. ಇನ್ನು ಮೇಲೆ ಧಾರವಾಡ ಶಿಲೆಗಳೇ ನಮ್ಮ ನೆಲದ ಅತಿ ಪುರಾತನ ಶಿಲೆಗಳು ಎಂದಾಯಿತು.

ಆದರೆ ಒಂದು ತೊಡಕು ಉಳಿಯಿತು. ಧಾರವಾಡ ಶಿಲೆಗಳ ನಡುವೆ ಪೆಂಟೆಕಲ್ಲಿನ ಪದರಗಳಿದ್ದವು. ಅವುಗಳೊಳಗೆ ಗ್ರಾನೈಟ್ ಮತ್ತು ನೈಸ್ ಜಾತಿಯ ಉಂಡೆಗಳಿದ್ದವು! ಇವು ನದಿಯೋ ಅಲೆಯೋ ಉರುಳಿಸಿ ತಂದ ಕಲ್ಲುಗಳಾದರೆ, ಧಾರವಾಡ ಶಿಲೆ ಹುಟ್ಟುವ ಮೊದಲೇ ಎಲ್ಲೋ ಗ್ರಾನೈಟ್ ನೆಲ ಇದ್ದು ಸವೆಯುತ್ತಿರಬೇಕು. ಅದೇ ದ್ರಾಕ್ಷಿ ಪಾಯಸದ ನಿಯಮ ಈಗ ಎದುರು ಪಕ್ಷದ ಪರವಾಗಿ ಮಾತನಾಡುತ್ತಿತ್ತು.

ಸ್ಮೀತ್ ಮತ್ತು ಅವರ ಅನುಯಾಯಿಗಳು ಇದಕ್ಕೆ ಒಂದು ಪರಿಹಾರ ಸೂಚಿಸಿದರು. ಇವು ನಿಜವಾದ ಪೆಂಟೆಕಲ್ಲುಗಳೇ ಅಲ್ಲ, ನೀರು ಇವನ್ನು ಉರುಳಿಸಿಲ್ಲ ಎಂದರು. ಭೂಮಿಯ ಒತ್ತಡಕ್ಕೆ ಸಿಕ್ಕಿ ಅಲ್ಲೇ ಮುರಿದು, ಉಜ್ಜಿ, ದುಂಡಗಾದ ‘ನುಜ್ಜುಗಲ್ಲು’ ಇವು. ಬೆಣಚುಶಿಲೆ, ಕಬ್ಬಿಣದ ಶಿಲೆಗಳನ್ನು ಸಹ ಮಾರ್ಪಟ್ಟ ಅಗ್ನಿಶಿಲೆಗಳೆಂದೇ ಅವರು ವಿವರಿಸಿದರು. ಅಂದರೆ ಧಾರವಾಡ ಶಿಲೆಗಳಲ್ಲಿ ನೀರು ನಿರ್ಮಿಸಿದ ಭಾಗ ಇಲ್ಲವೆನ್ನುವಷ್ಟು ಕಡಿಮೆ ಎಂಬ ನಿಲುವು.

ಗಮನಿಸಿ, ಇದು ದಡ್ಡತನದ ವಾದವಲ್ಲ. ಒತ್ತಡದಿಂದ ನುಜ್ಜಾದ ಕಲ್ಲುಗಳು ಪ್ರಕೃತಿಯಲ್ಲಿ ನಿಜವಾಗಿಯೂ ಇವೆ. ಸ್ಮೀತ್ ಕಣ್ಣಾರೆ ಕಂಡ ನಾಳಗಳೂ ಸುಳ್ಳಲ್ಲ. ಆದರೆ ಒಂದು ಸಾಕ್ಷ್ಯದ ಬಲದಿಂದ ಇನ್ನೊಂದು ಸಾಕ್ಷ್ಯವನ್ನು ತಳ್ಳಿಹಾಕಿದ್ದು ತಪ್ಪಾಯಿತು.

ಪಿಚ್ಚಮುತ್ತು ಅವರ ಪರೀಕ್ಷೆ

ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಹಳೆಯ ಭೂವಿಜ್ಞಾನ ಲೇಖನಗಳಲ್ಲಿ ‘ಕಡೂರು ಜಿಲ್ಲೆ’ ಎಂದಿದ್ದರೆ ತರೀಕೆರೆಯೂ ಬಾಬಾಬುಡನ್ ಬೆಟ್ಟಗಳೂ ಅದರೊಳಗೆ ಸೇರಿದ್ದವು ಎಂಬುದನ್ನು ನೆನಪಿಡಿ.

ಈ ಜಿಲ್ಲೆಯ ಕಲ್ದುರ್ಗದಲ್ಲಿ ಪೆಂಟೆಕಲ್ಲು ವಿಸ್ತಾರವಾಗಿ ಹೊರಗೆ ಕಾಣುತ್ತದೆ. ಅದನ್ನು ಅಧ್ಯಯನಕ್ಕೆ ಆರಿಸಿಕೊಂಡವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕ ಸಿ. ಎಸ್. ಪಿಚ್ಚಮುತ್ತು. ಮುಂದೆ ಅವರು ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರೂ ಆದರು. ಕಡೂರು ಜಿಲ್ಲೆಯ ಕಲ್ದುರ್ಗದ ಪೆಂಟೆಕಲ್ಲು ಮತ್ತು ಒರಟು ಮರಳುಶಿಲೆಗಳನ್ನು ಕುರಿತ ಅವರ ಲೇಖನ 1935ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿ. ವಿ. ರಾಮನ್ ಆ ಅಕಾಡೆಮಿಯನ್ನು ಸ್ಥಾಪಿಸಿ ಆಗಿನ್ನೂ ಒಂದು ವರ್ಷವಾಗಿತ್ತು. ಅದೇ ವರ್ಷ ಪೂರ್ವ ಬಾಬಾಬುಡನ್ ಬೆಟ್ಟಗಳ ಕಬ್ಬಿಣದ ಶಿಲೆಗಳ ಬಗ್ಗೆಯೂ ಅವರು ಬರೆದರು.

ನೀರು ಉರುಳಿಸಿದ ಪೆಂಟೆಕಲ್ಲನ್ನೂ ಒತ್ತಡದ ನುಜ್ಜುಗಲ್ಲನ್ನೂ ಬೇರ್ಪಡಿಸುವುದು ಹೇಗೆ? ನೀವೇ ಯೋಚಿಸಿ ನೋಡಿ. ಒಂದು ಬಂಡೆ ತಾನಿದ್ದಲ್ಲೇ ನುಜ್ಜಾದರೆ ಉಂಡೆಗಳೂ ಅವುಗಳ ನಡುವಿನ ಪುಡಿಯೂ ಒಂದೇ ಜಾತಿಯ ಕಲ್ಲಾಗಿರಬೇಕು. ಆದರೆ ಕಲ್ದುರ್ಗದಲ್ಲಿ ಬೇರೆ ಬೇರೆ ಜಾತಿಯ ಉಂಡೆಗಳು ಒಂದೇ ಪದರದಲ್ಲಿ ಕಲೆತಿವೆ: ಗ್ರಾನೈಟ್, ನೈಸ್, ಬೆಣಚುಶಿಲೆ, ಹಸಿರು ಲಾವಾ ಶಿಲೆ. ಸಂತೆಗೆ ಹತ್ತೂರಿನ ಜನ ಸೇರಿದಂತೆ, ಹತ್ತು ಕಡೆಯ ಕಲ್ಲು ಒಂದೆಡೆ ಸೇರಬೇಕಾದರೆ ಅವನ್ನು ಹೊತ್ತು ತರುವ ನೀರು ಇರಬೇಕು. ನುಜ್ಜಾದ ತುಂಡುಗಳ ಅಂಚು ಸಾಮಾನ್ಯವಾಗಿ ಮೊನಚು. ನೀರಿನಲ್ಲಿ ಉರುಳಿದವು ದುಂಡು. ಉಂಡೆಗಳ ನಡುವಿನ ಭಾಗ ಮರಳು, ಜೇಡಿಗಳಿಂದ ತುಂಬಿರಬೇಕು. ಪದರಗಳು ಹಂತಹಂತವಾಗಿ ಒರಟು ಮರಳುಶಿಲೆಯಾಗಿ ಮಾರ್ಪಡಬೇಕು. ಹೊಳೆಯ ರಭಸ ಕಡಿಮೆಯಾದಂತೆ ಮೊದಲು ದೊಡ್ಡ ಕಲ್ಲು, ಆಮೇಲೆ ಮರಳು, ಕೊನೆಗೆ ಕೆಸರು ತಳಕ್ಕಿಳಿಯುತ್ತದೆಯಷ್ಟೆ.

ಕಲ್ದುರ್ಗದ ಶಿಲೆ ನೀರಿನ ಕೆಲಸವೇ ಎಂಬುದನ್ನು ಪಿಚ್ಚಮುತ್ತು ಎತ್ತಿ ತೋರಿಸಿದರು. ಅಂದರೆ ಆ ಕಾಲದಲ್ಲಿ ಮಳೆ ಸುರಿಯುತ್ತಿತ್ತು, ಹೊಳೆ ಹರಿಯುತ್ತಿತ್ತು, ಅದಕ್ಕೂ ಮೊದಲೇ ಗ್ರಾನೈಟಿನ ನೆಲ ತಲೆಯೆತ್ತಿ ನಿಂತಿತ್ತು.

ಇದರಿಂದ ವಾದ ತಕ್ಷಣ ಮುಗಿಯಲಿಲ್ಲ. 1940ರಲ್ಲಿ ಬಿ. ರಾಮರಾವ್ ಮೈಸೂರಿನ ಪುರಾತನ ಶಿಲೆಗಳ ಬಗ್ಗೆ ವಿಸ್ತಾರವಾದ ವರದಿಯನ್ನು ಹೊರತಂದರು. ಧಾರವಾಡ ಶಿಲೆಗಳಲ್ಲಿ ನೀರು ನಿರ್ಮಿಸಿದ ಪದರಗಳು ಸಾಕಷ್ಟಿವೆ ಎಂದು ಅದರಲ್ಲಿ ಒಪ್ಪಿಕೊಂಡರು. ಅವುಗಳನ್ನು ಮೂರು ಭಾಗಗಳಾಗಿಯೂ ವಿಂಗಡಿಸಿದರು. ಆದರೆ ನೈಸ್ ಇವೆಲ್ಲಕ್ಕಿಂತ ಕಿರಿಯದು ಎಂಬ ಹಳೆಯ ಅನುಕ್ರಮ ಮುಂದುವರಿಯಿತು. ಹಲವು ತಲೆಮಾರಿನ ವಿದ್ಯಾರ್ಥಿಗಳು ಅದನ್ನೇ ಓದಿ ಪರೀಕ್ಷೆ ಬರೆದರು. ಗ್ರಾನೈಟಿನ ಉಂಡೆಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಮಾತ್ರ ಕಲ್ದುರ್ಗದಲ್ಲಿ ಹಾಗೆಯೇ ಬಿದ್ದಿತ್ತು.

ಇಬ್ಬರದೂ ಅರ್ಧ ಸತ್ಯ

1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದ ಬಿ. ಪಿ. ರಾಧಾಕೃಷ್ಣ 1960ರ ದಶಕದಲ್ಲಿ ಈ ಹಳೆಯ ಅನುಕ್ರಮವನ್ನು ಮರುಪರಿಶೀಲಿಸಬೇಕೆಂದು ಬರೆದರು. ಸರ್ವೇಕ್ಷಣೆಯ ಭೂವಿಜ್ಞಾನಿಗಳು ದಕ್ಷಿಣ ಕರ್ನಾಟಕದ ನಕ್ಷೆಯನ್ನು ಮತ್ತೆ ಬಿಡಿಸತೊಡಗಿದರು. 1976ರಲ್ಲಿ ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮತ್ತು ಎಂ. ಎನ್. ವಿಶ್ವನಾಥ ಒಂದು ಹೊಸ ಮಾದರಿಯನ್ನು ಮುಂದಿಟ್ಟರು. ಅದರ ಸಾರ ಹೀಗಿದೆ.

ಎಲ್ಲ ಷಿಸ್ಟ್ ಶಿಲೆಗಳೂ ಒಂದೇ ಕಾಲದವಲ್ಲ. ಅವುಗಳಲ್ಲಿ ಎರಡು ತಲೆಮಾರುಗಳಿವೆ. ಹಿರಿಯ ತಲೆಮಾರು ನೈಸ್‌ಗಿಂತ ಹಳೆಯದು. ಇದು ನೈಸ್ ಒಳಗೆ ಹರಿದ ತುಂಡುಗಳಾಗಿ, ಕಿರಿದಾದ ಪಟ್ಟಿಗಳಾಗಿ ಉಳಿದಿದೆ. ಮೈಸೂರು ಜಿಲ್ಲೆಯ ಸರಗೂರಿನ ಹೆಸರಿನಲ್ಲಿ ಇದನ್ನು ‘ಸರಗೂರು ಗುಂಪು’ ಎಂದರು. ಕಿರಿಯ ತಲೆಮಾರು ನೈಸ್ ಹುಟ್ಟಿ, ಮೇಲೆದ್ದು, ಸವೆದ ನಂತರ ಅದರ ಮೇಲೆ ಹರಡಿದ್ದು. ಇದೇ ನಿಜವಾದ ಧಾರವಾಡ ಶಿಲಾ ಸಮೂಹ. ಇದರ ಕೆಳಭಾಗ ‘ಬಾಬಾಬುಡನ್ ಗುಂಪು’, ಮೇಲ್ಭಾಗ ‘ಚಿತ್ರದುರ್ಗ ಗುಂಪು’.

ಈಗ ಹಿಂದಿನ ವಾದವನ್ನು ನೋಡಿ. ನೈಸ್ ಒಳಗೆ ಸಿಕ್ಕಿಕೊಂಡ ಷಿಸ್ಟ್ ತುಂಡುಗಳನ್ನು ಕಂಡು ಷಿಸ್ಟ್ ಹಿರಿಯದು ಎಂದ ಸ್ಮೀತ್ ಸರಿ, ಸರಗೂರಿನ ಮಟ್ಟಿಗೆ. ನೈಸ್ ನೆಲಗಟ್ಟು, ಧಾರವಾಡ ಅದರ ಹೊದಿಕೆ ಎಂದ ಫೂಟ್ ಸರಿ, ಬಾಬಾಬುಡನ್ ಬೆಟ್ಟಗಳ ಮಟ್ಟಿಗೆ. ಅಜ್ಜಿ, ತಾಯಿ, ಮಗಳು ಮೂವರಿರುವ ಮನೆಯಲ್ಲಿ ಅಜ್ಜಿಯನ್ನೂ ಮಗಳನ್ನೂ ಒಬ್ಬರೇ ಎಂದು ತಿಳಿದರೆ, ತಾಯಿ ಅವರಿಗಿಂತ ದೊಡ್ಡವಳೋ ಚಿಕ್ಕವಳೋ ಎಂಬ ಜಗಳ ಎಂದಾದರೂ ತೀರುತ್ತದೆಯೇ? ಇಲ್ಲಿ ಆದದ್ದೂ ಅದೇ.

ಹರಳಿನ ಗಡಿಯಾರ

ಬಂಡೆಗಳ ಸಂಬಂಧವನ್ನು ನೋಡಿ ಹಿರಿಯ, ಕಿರಿಯ ಎನ್ನಬಹುದು. ಎಷ್ಟು ವರ್ಷ ಎನ್ನಲಾಗದು. ಆ ಕೆಲಸವನ್ನು ವಿಕಿರಣಶೀಲ ಧಾತುಗಳು ಮಾಡುತ್ತವೆ. ಗ್ರಾನೈಟಿನಂಥ ಶಿಲೆಗಳಲ್ಲಿ ಜಿರ್ಕಾನ್ ಎಂಬ ಖನಿಜದ ಸಣ್ಣ ಹರಳುಗಳಿರುತ್ತವೆ. ಹರಳು ಬೆಳೆಯುವಾಗ ಯುರೇನಿಯಂ ಪರಮಾಣುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ದೂರವಿಡುತ್ತದೆ. ಯುರೇನಿಯಂ-238 ಕ್ಷಯಿಸಿ ಕೊನೆಗೆ ಸೀಸ-206 ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಯುರೇನಿಯಂ-235 ಸೀಸ-207 ಆಗುತ್ತದೆ. ಅರ್ಧಾಯುಷ್ಯ ಸುಮಾರು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳು! ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು. ಒಂದು ಹರಳು ಬಹುಕಾಲ ಮರಳಿನಲ್ಲಿ ಉರುಳಿದರೂ ಈ ಗಡಿಯಾರ ಕೆಡದಿರುವುದು ಇದರ ಹೆಚ್ಚುಗಾರಿಕೆ. ಇತರ ಧಾತುಗಳ ಜೋಡಿಗಳಿಂದಲೂ ವಯಸ್ಸು ತಿಳಿಯುವ ವಿಧಾನಗಳಿವೆ.

ಇವೆಲ್ಲ ಸೇರಿ ನಮ್ಮ ಸೀಮೆಗೆ ಕೊಟ್ಟ ಕಾಲಪಟ್ಟಿ ಹೀಗಿದೆ. ಪಶ್ಚಿಮ ಕರ್ನಾಟಕದ ನೈಸ್ ಶಿಲೆಗಳು ಬಹುಪಾಲು 340ರಿಂದ 300 ಕೋಟಿ ವರ್ಷಗಳ ಹಿಂದಿನವು. ಬಾಬಾಬುಡನ್ ಬೆಟ್ಟಗಳ ತಪ್ಪಲಿನ ಚಿಕ್ಕಮಗಳೂರು ಗ್ರಾನೈಟಿಗೆ ಸುಮಾರು 310 ಕೋಟಿ ವರ್ಷ ಎಂದು 1984ರಲ್ಲಿ ಪ್ರಕಟವಾಯಿತು. ಬಾಬಾಬುಡನ್ ಗುಂಪಿನ ಕೆಳಗಿನ ಲಾವಾ ಪದರಗಳಿಗೆ ಸುಮಾರು 291 ಕೋಟಿ, ಅದಕ್ಕೂ ಮೇಲಿನ ಸಂತವೇರಿ ಲಾವಾಗೆ ಸುಮಾರು 285 ಕೋಟಿ ವರ್ಷ ಎಂದು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು 1996ರಲ್ಲಿ ಕಂಡುಕೊಂಡರು. ಎಲ್ಲಕ್ಕೂ ಮೇಲಿರುವ ಮುಳ್ಳಯ್ಯನಗಿರಿಯ ಕಬ್ಬಿಣದ ಶಿಲೆಯ ತಳಕ್ಕೆ ಜಿರ್ಕಾನ್ ಹರಳುಗಳು ಹೇಳಿದ ವಯಸ್ಸು 272 ಕೋಟಿ ವರ್ಷ. 1997ರಲ್ಲಿ ಪ್ರಕಟವಾದ ಈ ಅಳತೆಯ ಅನಿಶ್ಚಿತತೆ 70 ಲಕ್ಷ ವರ್ಷ ಮಾತ್ರ.

ನೆಲಗಟ್ಟು 310 ಕೋಟಿ, ಹೊದಿಕೆ 291 ಕೋಟಿಯಿಂದ ಈಚೆಗೆ. ಕಲ್ದುರ್ಗದ ಉಂಡೆಗಳು ಹೇಳಿದ್ದನ್ನೇ ಹರಳುಗಳೂ ಹೇಳಿದವು.

ಖಂಡ ಗಟ್ಟಿಯಾದ ಕಾಲ

ಹಾಗಾದರೆ ಆ ನೈಸ್ ಮೊದಲು ಹುಟ್ಟಿದ್ದು ಹೇಗೆ? ಒಳಗೆ ನೀರನ್ನು ಸೇರಿಸಿಕೊಂಡ ಬಸಾಲ್ಟ್ ಭೂಮಿಯ ಆಳಕ್ಕೆ ಹೋದಾಗ ಪೂರ್ತಿ ಕರಗುವುದಿಲ್ಲ. ಸಿಲಿಕ ಮತ್ತು ಸೋಡಿಯಂ ಹೆಚ್ಚಾಗಿರುವ ಭಾಗ ಮೊದಲು ಕರಗಿ, ಹಗುರವಾದ್ದರಿಂದ ಮೇಲೇರುತ್ತದೆ. ಭಾರವಾದ ಶೇಷ ಕೆಳಗೇ ಉಳಿಯುತ್ತದೆ. ಮೊಸರು ಕಡೆದಾಗ ಬೆಣ್ಣೆ ತೇಲುವಂತೆ ಕಪ್ಪು ತೊಗಟೆಯಿಂದ ಬಿಳಿ ತೊಗಟೆ ಬೇರ್ಪಟ್ಟಿತು. ಆಗ ಬಸಾಲ್ಟ್ ಒಳಕ್ಕೆ ಇಳಿದದ್ದು ಇಂದಿನಂತೆ ಫಲಕಗಳ ಚಲನೆಯಿಂದಲೋ, ತನ್ನ ಭಾರಕ್ಕೆ ತಾನೇ ಕುಸಿದೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಈಗಲೂ ನಡೆದಿದೆ.

ಬಾಬಾಬುಡನ್ ಗುಂಪಿನ ತಳದ ಪದರಗಳು ಮುಂದಿನ ಕಥೆ ಹೇಳುತ್ತವೆ. ಅಲ್ಲಿ ಬೆಣಚುಕಲ್ಲಿನ ಉಂಡೆಗಳ ಪೆಂಟೆಕಲ್ಲು ಇದೆ. ಅದರ ಮೇಲೆ ಬೆಣಚುಶಿಲೆ. ಅಮೆರಿಕದ ಆರ್. ಡಬ್ಲ್ಯು. ಓಜಕಾಂಗಸ್ ಅವರೊಡನೆ ಆರ್. ಶ್ರೀನಿವಾಸನ್ ಇವನ್ನು ಅಭ್ಯಸಿಸಿ 1986ರಲ್ಲಿ ಬರೆದರು. ಇವು ಕವಲು ಕವಲಾಗಿ ಹರಿಯುವ ನದಿಗಳ ನಿಕ್ಷೇಪಗಳು, ಇಲ್ಲಿನ ತೊಗಟೆ ಆ ವೇಳೆಗೇ ಸ್ಥಿರವಾಗಿತ್ತು ಎಂಬುದು ಅವರ ನಿರ್ಣಯ. ನೈಸ್ ಸವೆದಾಗ ಅದರ ಫೆಲ್ಡ್‌ಸ್ಪಾರ್ ಜೇಡಿಯಾಗಿ ಕೊಚ್ಚಿಹೋಗಿ, ಗಟ್ಟಿಯಾದ ಬೆಣಚು ಮಾತ್ರ ಉಳಿಯಬೇಕಾದರೆ ನೆಲ ಬಹುಕಾಲ ಮಟ್ಟಸವಾಗಿ, ಅಲುಗದೆ ಇರಬೇಕು. ಇಲ್ಲಿ ಖಂಡವೊಂದು ಮೊದಲ ಬಾರಿಗೆ ಕಾಲೂರಿ ನಿಂತ ಗುರುತು ಇದು.

ಬಾಬಾಬುಡನ್ ಗುಂಪಿನ ತಳದ ಇಂಥ ಪೆಂಟೆಕಲ್ಲುಗಳಲ್ಲಿ ಪೈರೈಟ್ ಮತ್ತು ಯುರೇನಿನೈಟ್ ಖನಿಜಗಳ ಕಣಗಳೂ ದೊರೆತಿವೆ. ಇಂದಿನ ಹೊಳೆಯಲ್ಲಿ ಅವು ಉರುಳಿದರೆ ಗಾಳಿಯ ಆಮ್ಲಜನಕ ಅವನ್ನು ಬೇಗ ಕೆಡಿಸುತ್ತದೆ. ಅಂದು ಕೆಡದೆ ಉಳಿದವು ಎಂದರೆ ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಗಾಳಿಯಲ್ಲಿ ಅದು ಗಮನಾರ್ಹವಾಗಿ ಹೆಚ್ಚಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಮುಳ್ಳಯ್ಯನಗಿರಿಯ ಕಬ್ಬಿಣದ ಪದರಗಳು ಅದಕ್ಕೂ ಮೊದಲು, ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಆದವು.

ಆ ಸ್ಥಿರವಾದ ತೊಗಟೆ ಇಂದಿಗೂ ನಮ್ಮ ಕಾಲಡಿ ಇದೆ. 1970ರ ದಶಕದಲ್ಲಿ ಪೂರ್ವ ಕರಾವಳಿಯ ಕಾವಲಿಯಿಂದ ಪಶ್ಚಿಮದ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೆ, ನೆಲದಲ್ಲಿ ಸ್ಫೋಟ ಮಾಡಿ ಅದರ ಅಲೆಗಳ ಪ್ರತಿಧ್ವನಿಯಿಂದ ತೊಗಟೆಯ ದಪ್ಪವನ್ನು ಅಳೆದರು. ಭಾರತದಲ್ಲಿ ಇಂಥ ಮೊದಲ ಅಳತೆ ಇದು. ದಪ್ಪ 34ರಿಂದ 41 ಕಿಲೋಮೀಟರ್ ಎಂದು ಬಂತು. ದೂರದ ಭೂಕಂಪಗಳ ಅಲೆಗಳನ್ನು ಬಳಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಶ್ಚಿಮ ಧಾರವಾಡದ ಹಳೆಯ ಭಾಗದಲ್ಲಿ ಅದು 42ರಿಂದ 60 ಕಿಲೋಮೀಟರ್‌ವರೆಗೆ ಇದೆಯೆಂದು ಕಂಡುಬಂದಿದೆ.

ಕಲ್ಲು ಮತ್ತು ಬದುಕು

ಇಷ್ಟು ಹಳೆಯ ಕಥೆಯಿಂದ ನಮಗೇನು ಎಂದು ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳಬಹುದು. ಅವರನ್ನು ಕೊಳವೆಬಾವಿಯ ಬಳಿಗೆ ಕರೆದೊಯ್ಯಿರಿ. ಕಡೂರಿನ ನೈಸ್ ಗಟ್ಟಿಕಲ್ಲು. ಅದರಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಂತೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಇನ್ನೂ ಆಳಕ್ಕೆ ಕೊರೆದರೆ ನೀರು ಸಿಕ್ಕೇ ಸಿಗುತ್ತದೆ ಎಂಬುದು ಈ ಕಲ್ಲಿನಲ್ಲಿ ನಿಜವಲ್ಲ. ಅದನ್ನು ತಿಳಿದವರಂತೆ ನಮ್ಮ ಹಿರಿಯರು ಅಯ್ಯನಕೆರೆ, ಮದಗದಕೆರೆಗಳಂಥ ಕೆರೆಗಳಲ್ಲಿ ನೀರನ್ನು ಮೇಲೆಯೇ ಹಿಡಿದಿಟ್ಟರು.

ಅಜ್ಜಂಪುರ ಕಡೆಯ ಕಪ್ಪುಮಣ್ಣು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಹಸಿರು ಲಾವಾ ಶಿಲೆಗಳ ಕೊಡುಗೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಕುಸುರಿಗೆ ಒದಗಿದ್ದು ಷಿಸ್ಟ್ ಪಟ್ಟಿಗಳಲ್ಲಿ ದೊರೆಯುವ ಮೆತ್ತನೆಯ ಬಳಪದ ಕಲ್ಲು. ನೈಸ್ ಕಲ್ಲಿನಲ್ಲಿ ಆ ಕೆತ್ತನೆ ಸಾಧ್ಯವಾಗುತ್ತಿರಲಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ದಶಕಗಳ ಕಾಲ ಅದಿರು ಹೋದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ.

ನೀವೇ ನೋಡಿ

ಶಿಕ್ಷಕರು ಮಕ್ಕಳೊಂದಿಗೆ ಮಾಡಬಹುದಾದ ಒಂದು ಕೆಲಸವಿದೆ. ಬಾಬಾಬುಡನ್ ಬೆಟ್ಟಗಳಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿಸಿ, ಕಡೂರಿನ ಬಳಿ ಸೇರಿ ವೇದಾವತಿಯಾಗುತ್ತವೆ. ಬೇಸಿಗೆಯಲ್ಲಿ ಬತ್ತಿದ ಹಳ್ಳಕ್ಕೆ ಇಳಿದು ಉಂಡೆಗಲ್ಲುಗಳನ್ನು ಆರಿಸಿ. ಬಣ್ಣ, ತೂಕ, ಪಟ್ಟಿಗಳನ್ನು ನೋಡಿ ಜಾತಿವಾರು ವಿಂಗಡಿಸಿ. ಕೆಂಪು-ಕಪ್ಪು ಪಟ್ಟಿಯ ಭಾರವಾದ ಕಲ್ಲಿಗೆ ಅಯಸ್ಕಾಂತ ತಾಗಿಸಿ; ಅಂಟಿದರೆ ಅದು ಬೆಟ್ಟದ ಮೇಲಿನ ಕಬ್ಬಿಣದ ಶಿಲೆಯ ತುಂಡು. ಆ ಉಂಡೆಗಳಿಂದಲೇ ಮೇಲೆ ಯಾವ ಯಾವ ಶಿಲೆಗಳಿವೆ ಎಂದು ಮಕ್ಕಳು ಊಹಿಸಲಿ. ಪಿಚ್ಚಮುತ್ತು ಮಾಡಿದ್ದೂ ಇದೇ ಬಗೆಯ ತರ್ಕ.

ಇಲ್ಲೊಂದು ಸ್ವಾರಸ್ಯವಿದೆ. ಇಂದು ಬೆಟ್ಟವಾಗಿ ನಿಂತಿರುವುದು ಧಾರವಾಡ ಶಿಲೆ. ಅದರ ನೆತ್ತಿಯ ಕಬ್ಬಿಣದ ಪದರ ಸವೆಯದೆ ಕಾಪಾಡಿದ್ದರಿಂದಲೇ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರವಾಗಿದೆ. ನೈಸ್ ಕೆಳಗೆ ಬಯಲಾಗಿದೆ. ಉಂಡೆಗಲ್ಲುಗಳು ಬೆಟ್ಟದಿಂದ ಬಯಲಿಗೆ ಬರುತ್ತಿವೆ. ಕಲ್ದುರ್ಗದ ಪೆಂಟೆಕಲ್ಲು ಹುಟ್ಟಿದ ಕಾಲದಲ್ಲಿ ಇದು ತಿರುವುಮುರುವಾಗಿತ್ತು: ನೈಸ್ ಮತ್ತು ಗ್ರಾನೈಟ್ ನೆಲವೇ ಎತ್ತರದಲ್ಲಿತ್ತು, ಧಾರವಾಡದ ಶಿಲೆಗಳು ಅದರ ತಗ್ಗಿನಲ್ಲಿ ಶೇಖರವಾಗುತ್ತಿದ್ದವು.

ಕಲ್ದುರ್ಗದ ಪೆಂಟೆಕಲ್ಲಿನಂಥ ಬಂಡೆಗಳು ಜಲ್ಲಿಗೋ ಕಟ್ಟಡಕ್ಕೋ ಒಡೆದುಹೋದರೆ ಮತ್ತೆ ಹುಟ್ಟುವುದಿಲ್ಲ. ಸುತ್ತಿಗೆ ಹಿಡಿದು ಮಾದರಿ ಆರಿಸುವ ವಿದ್ಯಾರ್ಥಿಗಳು ಕೂಡ ನಿಂತ ಬಂಡೆಯನ್ನು ಬಿಟ್ಟು ಬಿದ್ದ ತುಂಡನ್ನು ಆರಿಸಿಕೊಳ್ಳುವುದು ಒಳ್ಳೆಯದು. 1935ರಲ್ಲಿ ಆ ಉಂಡೆಗಳು ಸ್ಥಳದಲ್ಲಿದ್ದದ್ದರಿಂದ ಒಬ್ಬ ಅಧ್ಯಾಪಕರು ಅಧಿಕೃತ ಅಭಿಪ್ರಾಯವನ್ನು ಪ್ರಶ್ನಿಸಲು ಸಾಧ್ಯವಾಯಿತು. ಇಂದು ನಾವು ಸರಿ ಎಂದು ನಂಬಿರುವುದರಲ್ಲೂ ತಪ್ಪುಗಳಿರಬಹುದು. ಅವನ್ನು ತಿದ್ದಲು ಬರುವವರಿಗೆ ನೋಡಲು ಬಂಡೆ ಉಳಿದಿರಬೇಕು.